ಕೆಲವು ತಿಂಗಳ ಪರದೇಶವಾಸ: ಹೊರಡುವ ಮುನ್ನ

ಪರದೇಶಕ್ಕೆ ಹೋಗಿ ಅಲ್ಲಿಯೇ ನೆಲೆ ನಿಂತ ಕನ್ನಡಿಗರನ್ನು ಕುರಿತು ನಮ್ಮ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಸಾಕಷ್ಟು ಬರೆದಾಗಿದೆ. ಪ್ರವಾಸಕ್ಕೆಂದು ಹೊರಟು ಹದಿನೈದು ದಿನಗಳಲ್ಲಿ ಹತ್ತು ಊರು ನೋಡಿ ಬಂದವರ ಬರಹಗಳಿಗೂ ಕೊರತೆಯಿಲ್ಲ. ಈ ಇಬ್ಬರ ನಡುವೆ ಮೂರನೆಯ ಬಗೆಯವರಿದ್ದಾರೆ. ಅವರು ನೆಲೆಸಲು ಬಂದವರಲ್ಲ, ನೋಡಿಹೋಗಲು ಬಂದವರೂ ಅಲ್ಲ. ಮೂರು ತಿಂಗಳೋ ಆರು ತಿಂಗಳೋ ಒಂದು ಸಂಸ್ಥೆಯಲ್ಲಿ, ಆಸ್ಪತ್ರೆಯಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಕಲಿತು ಮರಳಿ ತಮ್ಮ ಊರಿಗೆ ಹೋಗಬೇಕಾದ ತರುಣ ತರುಣಿಯರು. ಇಂಟರ್ನ್‌ಷಿಪ್ ಎಂಬ ಹೆಸರಿನಲ್ಲಿ ಕರ್ನಾಟಕದಿಂದ ಹೊರಗೆ ಬರುವ ಇಂಥ ಮಕ್ಕಳೂ ಇದ್ದಾರೆ. ನಮ್ಮ ನಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದು, ಅದೇ ಉದ್ದೇಶಕ್ಕಾಗಿ ಕರ್ನಾಟಕದತ್ತ ಮುಖ ಮಾಡುವ ಮಕ್ಕಳೂ ಇದ್ದಾರೆ. ಇಬ್ಬರಿಗೂ ಬೇಕಾದ ಸಿದ್ಧತೆಯ ಬಗ್ಗೆ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಬರೆಯಲು ನನಗಿರುವ ಅರ್ಹತೆ ಅಷ್ಟಿಷ್ಟೇ. ನಾನು ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿ ಬಿ.ಎ. ಮುಗಿಸಿದ ಗೃಹಿಣಿ. ಆಕ್ಲೆಂಡಿನ ಹಿಲ್ಸ್‌ಬರೋ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಅಕ್ಕನ ಮಗಳು ನಾಲ್ಕು ತಿಂಗಳು ಇದ್ದು ತರಬೇತಿ ಪಡೆದು ಹೋದಳು. ಅದರ ಮರುವರ್ಷ ನನ್ನ ಮಗಳು ಇಲ್ಲಿಂದ ಮೈಸೂರು ಜಿಲ್ಲೆಯ ಒಂದು ಗ್ರಾಮೀಣ ಆಸ್ಪತ್ರೆಗೆ ಹೋಗಿ ಬಂದಳು. ಒಬ್ಬಳನ್ನು ಬರಮಾಡಿಕೊಂಡು, ಇನ್ನೊಬ್ಬಳನ್ನು ಕಳುಹಿಸಿಕೊಟ್ಟು ಕಂಡುಕೊಂಡ ಸಂಗತಿಗಳೇ ಇಲ್ಲಿನ ಬಂಡವಾಳ.

ಅಕ್ಕ ಕೇಳಿದ ಪ್ರಶ್ನೆ

ಮಗಳು ಹೊರಡುವ ಮಾತು ಬಂದಾಗ ಶಿವಮೊಗ್ಗದಿಂದ ಅಕ್ಕ ನನಗೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣೇ, ನಾಲ್ಕು ತಿಂಗಳಿಗೆ ಅಷ್ಟು ದೂರ ಬಂದು ಇವಳೇನು ಕಡಿದು ಕಟ್ಟೆ ಹಾಕ್ತಾಳೆ?" ಅಕ್ಕ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಿಮಾನದ ಟಿಕೆಟ್ಟಿಗೆಂದು ಆಕೆ ತನ್ನ ಎರಡು ಜೊತೆ ಬಳೆಗಳನ್ನು ಅಡವಿಡಬೇಕಾಗಿತ್ತು. ಆದುದರಿಂದ ಆ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿರಲಿಲ್ಲ.

ಉತ್ತರವನ್ನು ನಾನು ಹುಡುಕಿದ್ದು ನನಗೆ ಪರಿಚಿತವಾದ ಇತಿಹಾಸದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ, 1898ರಲ್ಲಿ, ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಣ್ಣಾರೆ ಕಂಡು ಬಂದರು. ಆಗ ಅವರಿಗೆ ಮೂವತ್ತೇಳರ ಆಸುಪಾಸು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದಾಗ ಶಿಕ್ಷಣಕ್ಕೂ ಕೈಗಾರಿಕೆಗೂ ಕೊಟ್ಟ ಒತ್ತು ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದ್ದು ಅವರ ಕಾಲದಲ್ಲಿಯೇ.

ಅಕ್ಕನ ಮಗಳ ಸಂದರ್ಭಕ್ಕೆ ಇದಕ್ಕಿಂತ ಹತ್ತಿರವಾದ ನಿದರ್ಶನ ಡಾ. ರಾಜೇಶ್ವರಿ ಚಟರ್ಜಿಯವರದು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು 1922ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದ ಕಮಲಮ್ಮ ದಾಸಪ್ಪನವರು ಅವರ ಅಜ್ಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಅವರಿಗೆ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಸ್ವಾತಂತ್ರ್ಯ ಬಂದ 1947ರಲ್ಲಿ ಸುಮಾರು ಒಂದು ತಿಂಗಳ ಹಡಗಿನ ಪ್ರಯಾಣ ಮಾಡಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ ತಲುಪಿದರು. ಅಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, 1949ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ರೇಡಿಯೋ ಆವರ್ತಾಂಕ ಮಾಪನ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಪಡೆದರು. ಇಂದಿನ ಭಾಷೆಯಲ್ಲಿ ಅದು ಇಂಟರ್ನ್‌ಷಿಪ್ ಅಲ್ಲದೆ ಮತ್ತೇನು? ಆ ಬಳಿಕ ಡಾಕ್ಟರೇಟ್ ಮುಗಿಸಿ 1953ರಲ್ಲಿ ತಾಯ್ನಾಡಿಗೆ ಮರಳಿ, ತಾವು ಓದಿ ಬಿಟ್ಟುಹೋಗಿದ್ದ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. 2010ರಲ್ಲಿ ಅವರು ತೀರಿಕೊಂಡರು. ಒಬ್ಬ ಹುಡುಗಿ ಅಳತೆಯ ಸಲಕರಣೆಗಳ ಮುಂದೆ ಕಳೆದ ಎಂಟು ತಿಂಗಳು ಒಂದು ವಿದ್ಯಾಸಂಸ್ಥೆಗೆ ಎಷ್ಟು ದಶಕ ಉಪಯೋಗಕ್ಕೆ ಬಂದಿರಬಹುದು ಎಂಬುದನ್ನು ಊಹಿಸಿದರೆ ಅಕ್ಕನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ಉಳಿದರ್ಧ ಉತ್ತರ ಸಿದ್ಧತೆಯಲ್ಲಿದೆ. ಕಾಲ ಕಡಿಮೆಯಿರುವವನಿಗೆ ಎಡವಿ ಎದ್ದು ಕಲಿಯುವಷ್ಟು ಪುರುಸೊತ್ತಿರುವುದಿಲ್ಲ. ನೆಲೆಸಲು ಬಂದವರು ಮೊದಲ ಆರು ತಿಂಗಳನ್ನು ದಿಕ್ಕು ತಿಳಿಯುವುದರಲ್ಲಿ ಕಳೆದರೂ ನಡೆದೀತು. ಆರೇ ತಿಂಗಳಿಗೆ ಬಂದವರು ಹಾಗೆ ಕಳೆದರೆ ಬಂದದ್ದೇ ವ್ಯರ್ಥ.

ಕಡಲಾಚೆಯ ಹಕ್ಕಿಗಳ ಪಾಠ

ಹಿಲ್ಸ್‌ಬರೋದ ಏರಿನ ಮೇಲೆ ನಿಂತರೆ ಕೆಳಗೆ ಮಾನುಕಾವ್ ಕೊಲ್ಲಿ ಹಾಸಿಕೊಂಡಿರುತ್ತದೆ. ಆಚೆ ದಡದಲ್ಲಿ ಮಾಂಗೆರೆ ಬೆಟ್ಟ, ಅದರ ಹಿಂದೆ ಇಳಿಯುವ ಏರುವ ವಿಮಾನಗಳು. ಇಳಿತದ ಹೊತ್ತಿಗೆ ಬಯಲಾಗುವ ಕೆಸರಿನಲ್ಲಿ ಉದ್ದ ಕೊಕ್ಕಿನ ಕಂದು ಹಕ್ಕಿಗಳು ಹಿಂಡುಹಿಂಡಾಗಿ ಮೇಯುತ್ತವೆ. ಇಂಗ್ಲಿಷಿನವರು ಅದನ್ನು ಗಾಡ್ವಿಟ್ ಎನ್ನುತ್ತಾರೆ. ಮಾವೊರಿ ಜನರು ಕುವಾಕಾ ಎನ್ನುತ್ತಾರೆ. ಅಲಾಸ್ಕಾದಲ್ಲಿ ಮರಿ ಮಾಡಿ, ಸೆಪ್ಟೆಂಬರಿನ ಹೊತ್ತಿಗೆ ಇಲ್ಲಿಗೆ ಬಂದು, ಮಾರ್ಚಿನಲ್ಲಿ ಮರಳುವ ಹಕ್ಕಿಗಳಿವು. ಉಪಗ್ರಹದ ನೆರವಿನಿಂದ ಬೆನ್ನುಹತ್ತಿದ ಒಂದು ಹೆಣ್ಣು ಹಕ್ಕಿ 2007ರಲ್ಲಿ ಅಲಾಸ್ಕಾದಿಂದ ನ್ಯೂಜಿಲೆಂಡಿಗೆ ಸುಮಾರು 11,700 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ಎಂಟು ದಿನಗಳಲ್ಲಿ ಕ್ರಮಿಸಿತು.

ಹೊರಡುವ ಮುನ್ನ ಆ ಹಕ್ಕಿ ಎರಡು ಕೆಲಸ ಮಾಡುತ್ತದೆಯೆಂದು ಪಕ್ಷಿಶಾಸ್ತ್ರಜ್ಞರು ಹೇಳುತ್ತಾರೆ. ದಾರಿಗೆ ಬೇಕಾದ ಕೊಬ್ಬನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ. ಹಾರುವಾಗ ಉಪಯೋಗವಿಲ್ಲದ ಜಠರ, ಕರುಳು ಮುಂತಾದ ಅಂಗಗಳನ್ನು ಕುಗ್ಗಿಸಿಕೊಳ್ಳುತ್ತದೆ. ಬೇಕಾದುದನ್ನು ತುಂಬಿಕೊಳ್ಳುವುದು, ಬೇಡವಾದುದನ್ನು ಕುಗ್ಗಿಸುವುದು: ನಮ್ಮ ಮಕ್ಕಳ ಪ್ರಯಾಣಕ್ಕೂ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಕಾಣಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ಪೆಟ್ಟಿಗೆ ತುಂಬುತ್ತದೆ, ಕಾಗದಪತ್ರ ಕುಗ್ಗುತ್ತದೆ.

ಮೊದಲು ಕಾಗದ, ಆಮೇಲೆ ಪೆಟ್ಟಿಗೆ

ಅಕ್ಕನ ಮಗಳಿಗೆ ಮೊದಲು ಬಂದ ಅವಕಾಶ ಬೆಂಗಳೂರಿನ ಒಬ್ಬ ಮಧ್ಯವರ್ತಿಯ ಮೂಲಕ ಬಂದದ್ದು. ಇಲ್ಲಿನ ಒಂದು ಸಂಸ್ಥೆಯಲ್ಲಿ ನಾಲ್ಕು ತಿಂಗಳ ಕೆಲಸ. ಸಂಬಳವಿಲ್ಲ, ಅನುಭವವೇ ಸಂಬಳ. ಪ್ರವಾಸಿ ವೀಸಾ ಸಾಕು. ಮಧ್ಯವರ್ತಿಗೆ ಮಾತ್ರ ಒಂದು ದೊಡ್ಡ ಮೊತ್ತ ಮುಂಗಡ. ಅಕ್ಕ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದು ಬರೆದು ಪಳಗಿದವಳು. "ಕಾಗದ ಎಲ್ಲಿ?" ಎಂದು ಕೇಳಿದಳು. ಕಾಗದ ಬರಲಿಲ್ಲ, ದುಡ್ಡೂ ಹೋಗಲಿಲ್ಲ. ಹುಡುಗಿ ಎರಡು ದಿನ ಊಟ ಬಿಟ್ಟು ಅತ್ತಳು. ಮೂರು ತಿಂಗಳ ನಂತರ ಕಾಲೇಜಿನ ಅಧ್ಯಾಪಕರೊಬ್ಬರ ಪರಿಚಯದಿಂದ ಬೇರೊಂದು ಸಂಸ್ಥೆಯ ಆಹ್ವಾನ, ಲಿಖಿತ ಒಪ್ಪಂದದೊಡನೆ ಬಂತು. ಬಳೆಗಳು ಅಡವಿಗೆ ಹೋದದ್ದು ಆಮೇಲೆ.

ಈ ಅನುಭವದಿಂದ ನಾನು ಇಲ್ಲಿನ ನಿಯಮಗಳನ್ನು ಓದಿ ತಿಳಿದುಕೊಂಡೆ. ನ್ಯೂಜಿಲೆಂಡಿಗೆ ಮಕ್ಕಳನ್ನು ಕಳುಹಿಸುವ ಯಾರಿಗಾದರೂ ಇವು ಉಪಯೋಗವಾದಾವು. ಇಲ್ಲಿ ದುಡಿಯುವ ಪ್ರತಿಯೊಬ್ಬ ನೌಕರನಿಗೂ ಲಿಖಿತ ಉದ್ಯೋಗ ಒಪ್ಪಂದ ಕಾನೂನು ಕೊಟ್ಟ ಹಕ್ಕು. ಇಂಟರ್ನ್ ಎಂದು ಹೆಸರಿಟ್ಟ ಮಾತ್ರಕ್ಕೆ ನಿಜವಾದ ದುಡಿಮೆಗೆ ಸಂಬಳ ತಪ್ಪಿಸುವಂತಿಲ್ಲ. ವಯಸ್ಕರ ಕನಿಷ್ಠ ವೇತನ 2025ರ ಏಪ್ರಿಲ್ 1ರಿಂದ ಗಂಟೆಗೆ 23.50 ಡಾಲರ್ ಆಯಿತು, ಅದನ್ನು ಸರ್ಕಾರ ವರ್ಷವರ್ಷವೂ ಪರಿಶೀಲಿಸುತ್ತದೆ. ಕೆಲಸ ಕೊಡುವುದಕ್ಕಾಗಿ ಮಾಲೀಕ ನೌಕರನಿಂದ ಹಣ ಪಡೆಯುವುದನ್ನು 1983ರ ವೇತನ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಪ್ರವಾಸಿ ವೀಸಾದಲ್ಲಿ ಬಂದು ಇಲ್ಲಿನ ಸಂಸ್ಥೆಗೆ ದುಡಿಯುವಂತಿಲ್ಲ. 2025ರ ಜನವರಿಯಲ್ಲಿ ಆದ ಸಡಿಲಿಕೆಯು ತಮ್ಮ ದೇಶದ ಮಾಲೀಕರ ಕೆಲಸವನ್ನು ಇಲ್ಲಿ ಕುಳಿತು ದೂರದಿಂದ ಮಾಡುವವರಿಗೆ ಮಾತ್ರ. ಬಂದ ಕೂಡಲೇ ತೆರಿಗೆ ಇಲಾಖೆಯ ಐ.ಆರ್.ಡಿ. ಸಂಖ್ಯೆಯನ್ನು ಪಡೆಯಬೇಕು. ಅದಿಲ್ಲದಿದ್ದರೆ ಸಂಬಳದಲ್ಲಿ ನೂರಕ್ಕೆ 45ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ.

ಆರೋಗ್ಯದ ವಿಷಯದಲ್ಲಿ ಒಂದು ವಿಶೇಷವಿದೆ. ಇಲ್ಲಿ 1974ರಿಂದ ಅಪಘಾತ ಪರಿಹಾರದ ಒಂದು ಸಾರ್ವಜನಿಕ ವ್ಯವಸ್ಥೆ ನಡೆದುಬಂದಿದೆ. ಎ.ಸಿ.ಸಿ. ಎಂದು ಅದನ್ನು ಕರೆಯುತ್ತಾರೆ. ತಪ್ಪು ಯಾರದೇ ಆಗಿರಲಿ, ಬಿದ್ದು ಕಾಲು ಮುರಿದುಕೊಂಡರೆ ಹೊರಗಿನಿಂದ ಬಂದವರಿಗೂ ಚಿಕಿತ್ಸೆಯ ನೆರವು ಸಿಗುತ್ತದೆ. ಆದರೆ ಕಾಯಿಲೆ ಬಿದ್ದರೆ ಅದು ಅನ್ವಯಿಸುವುದಿಲ್ಲ. ಕಾಲು ಮುರಿದರೆ ಸರ್ಕಾರ, ಜ್ವರ ಬಂದರೆ ನಿಮ್ಮ ಕಿಸೆ ಎಂದು ನಾನು ಹುಡುಗರಿಗೆ ಹೇಳುವುದುಂಟು. ಆದುದರಿಂದ ವಿಮೆಯನ್ನು ಊರಿನಲ್ಲಿಯೇ ಮಾಡಿಸಿ, ಅದರ ಷರತ್ತುಗಳನ್ನು ಓದಿ ಹೊರಡುವುದು ಕ್ಷೇಮ. ನಿತ್ಯದ ಔಷಧಿಗಳಿದ್ದರೆ ಮೂರು ತಿಂಗಳಿಗೆ ಮೀರದಷ್ಟನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ ತರಬೇಕು. ನಿಯಂತ್ರಿತ ಔಷಧಿಗಳಿಗೆ ಆ ಮಿತಿ ಒಂದೇ ತಿಂಗಳು.

ಪೆಟ್ಟಿಗೆಯೊಳಗಿನ ಅಡಿಗೆಮನೆ

ನಮ್ಮ ತಾಯಂದಿರು ಮಕ್ಕಳ ಪೆಟ್ಟಿಗೆಯಲ್ಲಿ ಪ್ರೀತಿಯನ್ನು ತುಂಬುವುದು ಚಟ್ನಿಪುಡಿಯ ರೂಪದಲ್ಲಿ. ಆ ಪ್ರೀತಿಗೆ ಈ ದೇಶದ ಗಡಿಯಲ್ಲಿ ಒಂದು ಪರೀಕ್ಷೆಯಿದೆ. ನ್ಯೂಜಿಲೆಂಡ್ ಹಣ್ಣು, ಹಾಲು, ಉಣ್ಣೆಗಳನ್ನು ನಂಬಿ ಬದುಕುವ ದ್ವೀಪ. ಹೊರಗಿನ ಒಂದು ಕೀಟ, ಒಂದು ರೋಗ ಹೊಕ್ಕರೆ ಇಡೀ ನಾಡಿನ ಅನ್ನಕ್ಕೆ ಸಂಚಕಾರ. 2015ರಲ್ಲಿ ಆಕ್ಲೆಂಡಿನ ಗ್ರೇ ಲಿನ್ ಬಡಾವಣೆಯಲ್ಲಿ ಕ್ವೀನ್ಸ್‌ಲ್ಯಾಂಡ್ ಹಣ್ಣುನೊಣ ಕಾಣಿಸಿಕೊಂಡಾಗ ಅಲ್ಲಿನ ನಿವಾಸಿಗಳು ತಮ್ಮ ಹಿತ್ತಲ ಹಣ್ಣನ್ನು ಪಕ್ಕದ ಬೀದಿಗೆ ಒಯ್ಯುವುದಕ್ಕೂ ನಿರ್ಬಂಧವಿತ್ತು. 2025ರ ಜನವರಿಯಲ್ಲಿ ಪಾಪಟೋಯೆಟೋಯೆ ಬಡಾವಣೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಗಂಡು ನೊಣ. ಅಷ್ಟಕ್ಕೇ ಸುತ್ತಲಿನ ಪ್ರದೇಶವೆಲ್ಲ ಕಾವಲಿಗೆ ಒಳಗಾಯಿತು.

ಇದನ್ನು ತಿಳಿದವರಿಗೆ ವಿಮಾನ ನಿಲ್ದಾಣದ ತಪಾಸಣೆ ಕಿರುಕುಳವೆಂದು ತೋರುವುದಿಲ್ಲ. ತಿನ್ನುವ ಪದಾರ್ಥ ಯಾವುದೇ ಇರಲಿ, ಆಗಮನದ ಘೋಷಣಾ ಪತ್ರದಲ್ಲಿ "ಉಂಟು" ಎಂದು ಬರೆದರೆ ಮುಗಿಯಿತು. ಅಧಿಕಾರಿಗಳು ನೋಡುತ್ತಾರೆ, ಒಪ್ಪಿಗೆಯಾದುದನ್ನು ಬಿಡುತ್ತಾರೆ, ಒಪ್ಪಿಗೆಯಾಗದುದನ್ನು ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲಿಯೇ 400 ಡಾಲರ್ ದಂಡ. ಜೇನುತುಪ್ಪಕ್ಕೆ ಪ್ರವೇಶವೇ ಇಲ್ಲ. ಹಸಿ ಕರಿಬೇವು, ಹಣ್ಣು, ಬಿತ್ತಬಹುದಾದ ಬೀಜ ಇವನ್ನು ತರುವ ಯೋಚನೆ ಬೇಡ. ಹಾಲಿನಿಂದ ಮಾಡಿದ ಪೇಡ, ಖೋವ, ಮನೆಯ ತುಪ್ಪ ಸಹ ತೊಂದರೆಯವೇ. ಚಪ್ಪಲಿ ಬೂಟುಗಳಿಗೆ ಅಂಟಿದ ಮಣ್ಣನ್ನು ತೊಳೆದಿರಬೇಕು. ಅಂಗಡಿಯಲ್ಲಿ ಮೊಹರು ಮಾಡಿದ ಪೊಟ್ಟಣದ ಒಣ ಮಸಾಲೆಪುಡಿಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಅವನ್ನು ಹೊತ್ತು ತರುವ ಅಗತ್ಯವಾದರೂ ಏನು? ನಮ್ಮ ಮನೆಯಿಂದ ಸ್ವಲ್ಪ ದೂರದ ಮೌಂಟ್ ರಾಸ್ಕಿಲ್, ಸ್ಯಾಂಡ್ರಿಂಗ್‌ಹ್ಯಾಮ್ ಕಡೆಯ ಅಂಗಡಿಗಳಲ್ಲಿ ತೊಗರಿಬೇಳೆಯಿಂದ ಹುಣಿಸೆಹಣ್ಣಿನವರೆಗೆ ಎಲ್ಲವೂ ದೊರೆಯುತ್ತದೆ.

ಪೆಟ್ಟಿಗೆಯಲ್ಲಿ ಉಳಿಯುವ ಜಾಗಕ್ಕೆ ನಾನು ಸೂಚಿಸುವುದು ಮೂರು ವಸ್ತುಗಳನ್ನು: ಗಾಳಿ ಮಳೆ ತಡೆಯುವ ಒಂದು ಒಳ್ಳೆಯ ಅಂಗಿ, ಉಣ್ಣೆಯ ಒಳಉಡುಪು, ಸಣ್ಣದೊಂದು ಪ್ರೆಷರ್ ಕುಕ್ಕರ್. ನಮ್ಮ ಕಡೆಯ ಪ್ಲಗ್ ಇಲ್ಲಿನ ಗೋಡೆಗೆ ಹೊಂದುವುದಿಲ್ಲ, ವಿದ್ಯುತ್ತಿನ ಒತ್ತಡ ಮಾತ್ರ ಒಂದೇ. ಆದುದರಿಂದ ಒಂದು ಅಡಾಪ್ಟರ್ ಇದ್ದರೆ ಊರಿನ ಉಪಕರಣಗಳೆಲ್ಲ ನಡೆಯುತ್ತವೆ. ಇನ್ನೊಂದು ಮಾತು: ಅನ್ನ, ಸಾರು, ಒಂದು ಪಲ್ಯ ಮಾಡಲು ಬಾರದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ವಿಮಾನ ಹತ್ತಿಸಬೇಡಿರಿ. ಒಂದು ತಿಂಗಳ ಅಡಿಗೆಯ ಅಭ್ಯಾಸ ಹತ್ತು ಕೆ.ಜಿ. ತಿಂಡಿಗಿಂತ ಹಗುರ, ಹೆಚ್ಚು ಬಾಳಿಕೆ.

ಚಳಿ, ಮನೆ, ಒಂಟಿತನ

ಇಲ್ಲಿ ಋತುಗಳು ತಿರುಗುಮುರುಗು. ಊರಿನಲ್ಲಿ ಮುಂಗಾರು ಹಿಡಿದಾಗ ಇಲ್ಲಿ ಚಳಿಗಾಲ. ಆಕ್ಲೆಂಡಿನಲ್ಲಿ ಹಿಮ ಬೀಳುವುದಿಲ್ಲವೆಂದು ಕೇಳಿ ನಿಶ್ಚಿಂತೆಯಿಂದ ಬಂದವರಿಗೆ ಬೇರೊಂದು ಆಶ್ಚರ್ಯ ಕಾದಿರುತ್ತದೆ: ಇಲ್ಲಿ ಚಳಿ ಇರುವುದು ಹೊರಗಿಗಿಂತ ಹೆಚ್ಚಾಗಿ ಮನೆಯೊಳಗೆ. ಹಳೆಯ ಮರದ ಮನೆಗಳಲ್ಲಿ ತೇವ, ಬೂಷ್ಟು ಸಾಮಾನ್ಯ. 2019ರಲ್ಲಿ ಜಾರಿಗೆ ಬಂದ ಆರೋಗ್ಯಕರ ಮನೆಗಳ ನಿಯಮದಂತೆ ಬಾಡಿಗೆ ಮನೆಯ ಹಜಾರವನ್ನು 18 ಡಿಗ್ರಿಯವರೆಗೆ ಬೆಚ್ಚಗಾಗಿಸಬಲ್ಲ ಹೀಟರನ್ನು ಮಾಲೀಕರು ಒದಗಿಸಬೇಕು; 2025ರ ಜುಲೈ 1ರ ಹೊತ್ತಿಗೆ ಎಲ್ಲ ಬಾಡಿಗೆ ಮನೆಗಳೂ ಇದಕ್ಕೆ ಒಳಪಡಬೇಕಾಗಿತ್ತು. ಆದರೂ ಕೊಠಡಿಯನ್ನು ಒಪ್ಪಿಕೊಳ್ಳುವ ಮುನ್ನ ಬೂಷ್ಟಿನ ವಾಸನೆಯಿದೆಯೇ ಎಂದು ಮೂಗನ್ನೇ ಕೇಳುವುದು ಒಳ್ಳೆಯದು. ಹಲವರೊಡನೆ ಮನೆ ಹಂಚಿಕೊಂಡು ಇರುವವರಿಗೆ ಬಾಡಿಗೆದಾರರ ಕಾಯಿದೆಯ ರಕ್ಷಣೆ ಎಲ್ಲ ಸಂದರ್ಭದಲ್ಲಿಯೂ ಸಿಗದು. ಮುಂಗಡ ಎಷ್ಟು, ಬಿಡುವಾಗ ಎಷ್ಟು ದಿನದ ಸೂಚನೆ ಎಂಬುದನ್ನು ಬರೆಯಿಸಿಕೊಳ್ಳಬೇಕು. ಊರಿನಲ್ಲಿ ಕುಳಿತು, ಚಿತ್ರ ನೋಡಿ, ಹಣ ಕಳುಹಿಸುವುದಂತೂ ಸರ್ವಥಾ ಸಲ್ಲದು.

ಒಂಟಿತನಕ್ಕೆ ಕಾಯಿದೆಯ ರಕ್ಷಣೆಯಿಲ್ಲ. ಭಾರತಕ್ಕೂ ಇಲ್ಲಿಗೂ ಚಳಿಗಾಲದಲ್ಲಿ ಆರೂವರೆ ಗಂಟೆ, ಬೇಸಿಗೆಯಲ್ಲಿ ಏಳೂವರೆ ಗಂಟೆ ಅಂತರ. ಹುಡುಗಿ ಸಂಜೆ ಐದೂವರೆಗೆ ಕತ್ತಲಲ್ಲಿ ಬಸ್ಸಿಳಿದು ಬರುವಾಗ ಊರಿನಲ್ಲಿ ಇನ್ನೂ ಹಗಲು ಹನ್ನೊಂದು, ಅಕ್ಕ ತರಗತಿಯಲ್ಲಿ. ಅಕ್ಕನಿಗೆ ಬಿಡುವಾಗುವ ಹೊತ್ತಿಗೆ ಇಲ್ಲಿ ನಡುರಾತ್ರಿ. ಮೊದಲ ಮೂರು ವಾರ ಆಕೆ ನಿದ್ದೆಗೆಟ್ಟು ಅಮ್ಮನೊಡನೆ ಮಾತನಾಡಿ, ಬೆಳಿಗ್ಗೆ ಕೆಲಸದಲ್ಲಿ ತೂಕಡಿಸುವ ಸ್ಥಿತಿಗೆ ಬಂದಳು. ಒಂದು ಭಾನುವಾರ ತಾಯಿ ಮಗಳಿಬ್ಬರೂ ತಾವೇ ಒಂದು ಕಟ್ಟಳೆ ಮಾಡಿಕೊಂಡರು: ಅಕ್ಕ ಶಾಲೆಗೆ ಹೊರಡುವ ಮುನ್ನ, ಅಂದರೆ ಇಲ್ಲಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹತ್ತು ನಿಮಿಷ. ಅದಾದ ಮೇಲೆ ಹುಡುಗಿಗೆ ನಿದ್ದೆ ಬಂತು. ಸಹೋದ್ಯೋಗಿಗಳ ಹೆಸರೂ ಬಾಯಿಗೆ ಬಂದವು. ಹೊರಡುವ ಮುನ್ನವೇ ಇಂಥ ವೇಳಾಪಟ್ಟಿ ಮಾಡಿಕೊಂಡರೆ ಮೂರು ವಾರ ಉಳಿಯುತ್ತದೆ. ನಾಲ್ಕು ತಿಂಗಳಲ್ಲಿ ಮೂರು ವಾರವೆಂದರೆ ಸಣ್ಣ ಗಂಟಲ್ಲ.

ಕೆಲಸದ ಜಾಗದ ರೀತಿಯೂ ಬೇರೆ. ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವುದು ನಮ್ಮ ಮಕ್ಕಳ ನಾಲಿಗೆಗೆ ಬೇಗ ಒಗ್ಗುವುದಿಲ್ಲ. ಅದು ಹೋಗಲಿ. ತಿಳಿಯದಿದ್ದರೂ "ತಿಳಿಯಿತು" ಎಂದು ತಲೆಯಾಡಿಸುವ ನಮ್ಮ ವಿನಯ ಮಾತ್ರ ಇಲ್ಲಿ ಕೆಡುಕು ಮಾಡುತ್ತದೆ. ಕೇಳಿದವನನ್ನು ಇಲ್ಲಿ ದಡ್ಡನೆನ್ನುವುದಿಲ್ಲ. ಕೇಳದೆ ಕೆಡಿಸಿದವನನ್ನು ಎನ್ನುತ್ತಾರೆ.

ತಿರುಗಿದ ದಾರಿ: ಇಲ್ಲಿಂದ ಅಲ್ಲಿಗೆ

ಈಗ ಇನ್ನೊಂದು ದಿಕ್ಕಿನ ಪ್ರಯಾಣ. ನ್ಯೂಜಿಲೆಂಡಿನಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಆರನೆಯ, ಅಂದರೆ ಕೊನೆಯ ವರ್ಷದಲ್ಲಿ ಟ್ರೈನಿ ಇಂಟರ್ನ್ ಎಂದು ಕರೆಯುತ್ತಾರೆ. ಆ ವರ್ಷದಲ್ಲಿ ಕೆಲವು ವಾರಗಳನ್ನು ತಾವು ಆರಿಸಿದ ಸ್ಥಳದಲ್ಲಿ, ಬೇಕಾದರೆ ಪರದೇಶದಲ್ಲಿಯೂ ಕಳೆಯಬಹುದು. ಈ ದೇಶಕ್ಕೂ ನಮ್ಮ ವೈದ್ಯಶಿಕ್ಷಣಕ್ಕೂ ಹಳೆಯ ನಂಟಿದೆ. 1950ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯನ್ನು ಕಟ್ಟಲು ಕೊಲಂಬೋ ಯೋಜನೆಯಡಿ ನೆರವಾದದ್ದು ನ್ಯೂಜಿಲೆಂಡ್.

ಕರ್ನಾಟಕದಲ್ಲಿ ಕಲಿಯಬಯಸುವ ನಮ್ಮ ಮಕ್ಕಳಿಗೆ ಬೆಂಗಳೂರಿನ ಗಾಜಿನ ಕಟ್ಟಡಗಳಷ್ಟೇ ಗುರುಕುಲಗಳಲ್ಲ. 1984ರಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ, ಸರಗೂರು ಪ್ರದೇಶದ ಕಾಡಂಚಿನ ಗಿರಿಜನರ ನಡುವೆ ದುಡಿಯುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಅವರು ಕಟ್ಟಿದ ಸಂಸ್ಥೆಗಳಿವೆ. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಲೆಯಲ್ಲಿ ಮನಸ್ಸಿರುವವರಿಗೆ 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಇದೆ. ಆಯಾ ಸಂಸ್ಥೆಗೆ ತಿಂಗಳುಗಳ ಮೊದಲೇ ಬರೆದು ಅವರ ಅಗತ್ಯವನ್ನೂ ಒಪ್ಪಿಗೆಯನ್ನೂ ತಿಳಿದುಕೊಳ್ಳಬೇಕು.

ಇಲ್ಲಿಯೂ ಕಾಗದಪತ್ರವೇ ಮೊದಲು. ಒ.ಸಿ.ಐ. ಚೀಟಿ ಇರುವವರಿಗೆ ಭಾರತ ಪ್ರವೇಶ ಸುಲಭ. ಆದರೆ ಸಂಶೋಧನೆ, ಪತ್ರಿಕಾವೃತ್ತಿ ಮುಂತಾದ ಕೆಲವು ಕಾರ್ಯಗಳಿಗೆ 2021ರ ಪ್ರಕಟಣೆಯಂತೆ ಅವರೂ ವಿಶೇಷ ಅನುಮತಿ ಪಡೆಯಬೇಕು. ಒ.ಸಿ.ಐ. ಇಲ್ಲದವರಿಗೆ ಇಂಟರ್ನ್ ವೀಸಾ ಎಂಬ ಪ್ರತ್ಯೇಕ ವರ್ಗವೇ ಇದೆ. ಚುಚ್ಚುಮದ್ದುಗಳಿಗಾಗಿ ಹೊರಡುವ ಆರು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಅಜ್ಜಿಯ ಊರಿಗೆ ಹೋಗುತ್ತಿದ್ದೇನೆಂಬ ಸಲುಗೆ ಟೈಫಾಯಿಡಿಗೆ ತಿಳಿಯುವುದಿಲ್ಲ.

ನೋವಿನ ನಿಘಂಟು

ನನ್ನ ಮಗಳ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಕನ್ನಡ. ಮನೆಯಲ್ಲಿ ಆಕೆ ಕನ್ನಡವನ್ನೇ ಆಡಿ ಬೆಳೆದವಳು. ಆದರೆ ಆ ಕನ್ನಡ "ಊಟ ಆಯ್ತಾ", "ಬಾಗಿಲು ಹಾಕು" ಎಂಬಲ್ಲಿಗೆ ನಿಲ್ಲುವ ಕನ್ನಡ. ರೋಗಿಯೊಬ್ಬಳು ತನ್ನ ಸಂಕಟವನ್ನು ಹೇಳುವ ಕನ್ನಡ ಬೇರೆಯೇ. ನಾವಿಬ್ಬರೂ ಒಂದು ನೋಟುಪುಸ್ತಕ ಇಟ್ಟೆವು. ನಂಜನಗೂಡು ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಅತ್ತೆಯವರು ಭಾನುವಾರ ಭಾನುವಾರ ಫೋನಿನಲ್ಲಿ ಪಾಠ ಹೇಳಿದರು.

ಇಂಗ್ಲಿಷಿನಲ್ಲಿ "ಪೇನ್" ಎಂದು ಮುಗಿಸುವಲ್ಲಿ ನಮ್ಮವರಿಗೆ ಎಷ್ಟು ಮಾತು! ನೋವು, ಸೆಳೆತ, ಚಳುಕು, ಉರಿ, ಕಡಿತ, ಜೋಮು, ನುಲಿತ, ತೊಳಸು, ಹಿಂಡಿದಂತೆ, ಗುದ್ದಿದಂತೆ. ಎದೆ ಉರಿ ಎಂದರೆ ಕಾಯಿಲೆ, ಹೊಟ್ಟೆ ಉರಿ ಎಂದರೆ ಸಂದರ್ಭ ನೋಡಿ ಕಾಯಿಲೆಯೋ ಮತ್ಸರವೋ ಎಂದು ತೀರ್ಮಾನಿಸಬೇಕು. ತಲೆ ಸುತ್ತುವುದು ಬೇರೆ, ಕಣ್ಣು ಕತ್ತಲೆ ಕಟ್ಟುವುದು ಬೇರೆ. ಹಳ್ಳಿಯ ಹೆಂಗಸರು ಮುಟ್ಟನ್ನು ನೇರವಾಗಿ ಹೆಸರಿಸದೆ "ಹೊರಗಾದೆ" ಎನ್ನುತ್ತಾರೆ. ಬಸುರಿಯಾದುದನ್ನು "ತಿಂಗಳು ನಿಂತಿದೆ" ಎಂದು ಹೇಳುತ್ತಾರೆ. ಹಿರಿಯರನ್ನು ಹೆಸರು ಹಿಡಿಯದೆ ಅಜ್ಜಿ, ಅವ್ವ, ಅಣ್ಣ ಎನ್ನಬೇಕು. ಈ ಯಾವುದೂ ವೈದ್ಯಕೀಯ ಪಠ್ಯಪುಸ್ತಕದಲ್ಲಿಲ್ಲ. ಆಕೆ ಓದಲೂ ಕಲಿತಳು, ಏಕೆಂದರೆ ಹಳ್ಳಿಯ ಬಸ್ಸಿನ ಬೋರ್ಡು ಕನ್ನಡದಲ್ಲಿ ಮಾತ್ರ ಇರುತ್ತದೆ.

ಅಲ್ಲಿಗೆ ಹೋದ ಐದನೆಯ ವಾರ, ಇತ್ತೀಚೆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ವೃದ್ಧೆಯೊಬ್ಬರು ಹೊರರೋಗಿ ವಿಭಾಗಕ್ಕೆ ಬಂದರಂತೆ. "ಎದೆ ಮ್ಯಾಲೆ ಕಲ್ಲು ಮಡಗ್ದಂಗೆ ಆಯ್ತದೆ ಕಣವ್ವ" ಎಂದರು. ಜೊತೆಗೆ ಬಂದಿದ್ದ ಸೊಸೆ, "ಮಾವ ಹೋದ್ಮೇಲೆ ಹಿಂಗೇ, ಅದೇ ಕೊರಗು" ಎಂದು ವಿವರಿಸಿದಳು. ನಮ್ಮ ಭಾಷೆಯಲ್ಲಿ ಎದೆಯ ಮೇಲಿನ ಕಲ್ಲು ದುಃಖದ ಮಾತು ನಿಜ. ನೋಟುಪುಸ್ತಕದಲ್ಲಿಯೂ ಅದು ದುಃಖದ ಪಟ್ಟಿಯಲ್ಲಿಯೇ ಇತ್ತು. ಆದರೆ ಹೃದಯಕ್ಕೆ ರಕ್ತ ಸಾಲದಿರುವ ರೋಗಿಯೂ ಹೇಳುವುದು ಅದನ್ನೇ ಅಲ್ಲವೇ ಎಂದು ಹುಡುಗಿಗೆ ಹೊಳೆಯಿತು. "ಅಜ್ಜಿ, ಸುಮ್ನೆ ಕುಂತಾಗಲೂ ಕಲ್ಲು ಇರ್ತದಾ, ನಡೆದಾಗ ಮಾತ್ರ ಬರ್ತದಾ?" ಎಂದು ಕೇಳಿದಳು. "ನೀರು ತರೋವಾಗ ಬತ್ತದೆ, ಕೊಡ ಇಳಿಸಿ ಕುಂತ್ರೆ ಹೋಯ್ತದೆ" ಎಂಬ ಉತ್ತರ ಬಂತು. ಅವಳು ಹಿರಿಯ ವೈದ್ಯರನ್ನು ಕರೆದಳು, ಇ.ಸಿ.ಜಿ. ಆಯಿತು, ಆ ದಿನವೇ ಅಜ್ಜಿಯನ್ನು ಮೈಸೂರಿನ ಹೃದ್ರೋಗ ಆಸ್ಪತ್ರೆಗೆ ಕಳುಹಿಸಿದರು. ಚಿಕಿತ್ಸೆಯಾಗಿ ಅಜ್ಜಿ ಊರಿಗೆ ಮರಳಿದರು.

ನನ್ನ ಮಗಳು ಜೀವ ಉಳಿಸಿದಳೆಂದು ನಾನು ಹೇಳುತ್ತಿಲ್ಲ. ಆ ವೈದ್ಯರು ತಾವೇ ಕೇಳಿದ್ದರೂ ಅದನ್ನು ಹಿಡಿಯುತ್ತಿದ್ದರು. ಆದರೆ ಆ ಎರಡನೆಯ ಪ್ರಶ್ನೆಯನ್ನು ಅವಳು ಕೇಳಬಲ್ಲವಳಾಗಿದ್ದದ್ದು ಕನ್ನಡದಿಂದ. ಮಕ್ಕಳಿಗೆ ಕನ್ನಡ ಏಕೆ ಕಲಿಸಬೇಕು ಎಂಬ ಚರ್ಚೆ ನಮ್ಮ ಪ್ರತಿ ಸಮ್ಮೇಳನದಲ್ಲಿಯೂ ನಡೆಯುತ್ತದೆ. ಸಂಸ್ಕೃತಿ, ಬೇರು, ಅಸ್ಮಿತೆ ಎಂಬ ದೊಡ್ಡ ಮಾತುಗಳು ಬರುತ್ತವೆ. ಕೊಡ ಇಳಿಸಿ ಕುಳಿತ ಆ ಅಜ್ಜಿಯ ಉತ್ತರವನ್ನು ಆ ಮಾತುಗಳ ಜೊತೆಯಲ್ಲಿ ಇಡಬೇಕೆಂದು ನನ್ನ ಆಸೆ.

ನಮ್ಮಿಂದ ಆಗಬೇಕಾದುದು

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಯಾವುದಾದರೊಂದು ಕನ್ನಡ ಕೂಟದ ಸದಸ್ಯರು. ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ನಡೆಸುವುದರ ಜೊತೆಗೆ ಈ ಮೂರನೆಯ ಬಗೆಯವರಿಗಾಗಿ ಮೂರು ಸಣ್ಣ ಕೆಲಸಗಳನ್ನು ಮಾಡಬಹುದು. ಊರಿನಿಂದ ಬರುವವರು ಆಹ್ವಾನಪತ್ರದ ಸಾಚಾತನವನ್ನು ವಿಚಾರಿಸಿಕೊಳ್ಳಲು ಸ್ಥಳೀಯ ನಿಯಮ ಬಲ್ಲ ಒಬ್ಬರನ್ನು ಗೊತ್ತುಮಾಡಬಹುದು. ಬಂದ ಮೊದಲ ಎರಡು ವಾರ ತಂಗಲು ಜಾಗ ಕೊಡಬಲ್ಲ ಮನೆಗಳ ಪಟ್ಟಿಯೊಂದನ್ನು ಇಡಬಹುದು. ಕರ್ನಾಟಕಕ್ಕೆ ಹೊರಡುವ ನಮ್ಮ ಮಕ್ಕಳಿಗೆ ಅವರವರ ವೃತ್ತಿಗೆ ಬೇಕಾದ ಕನ್ನಡವನ್ನು, ವೈದ್ಯನಿಗೆ ನೋವಿನ ಕನ್ನಡವನ್ನು, ಎಂಜಿನಿಯರನಿಗೆ ಗಾರೆ ಕೆಲಸದವರ ಕನ್ನಡವನ್ನು, ಹಿರಿಯರಿಂದ ಹೇಳಿಸಬಹುದು. ಇದಕ್ಕೆ ಸಭಾಂಗಣ ಬೇಡ, ನಿಧಿ ಬೇಡ. ಒಂದು ಭಾನುವಾರದ ಸಂಜೆ ಸಾಕು.

ಅಕ್ಕನ ಬಳೆಗಳ ವಿಷಯ ಹೇಳದಿದ್ದರೆ ಓದುಗರು ಕೇಳಿಯಾರು. ಮಗಳ ಸಂಬಳದಲ್ಲಿ ಉಳಿದ ಹಣದಿಂದ ಅವು ಬ್ಯಾಂಕಿನಿಂದ ಬಿಡಿಸಿಕೊಂಡು ಬಂದವು. ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದು ಯಾವುದೆಂದು ಕೇಳಿದರೆ, "ತಿಳಿಯಲಿಲ್ಲ ಎಂದು ಹೇಳುವುದನ್ನು ಕಲಿತೆ ಚಿಕ್ಕಮ್ಮ" ಎನ್ನುತ್ತಾಳೆ. ಅಕ್ಕ ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ದಕ್ಷಿಣದ ಈ ತುದಿಗೆ ಕೆಲವು ತಿಂಗಳಿಗೆಂದು ಬರುವ ಕನ್ನಡದ ಮಕ್ಕಳಿಗೆ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಒಂದು ಕೋಣೆಯೂ ಬಿಸಿ ಸಾರೂ ಇವೆ. ಬರುವಾಗ ಕಾಗದಪತ್ರ ತನ್ನಿರಿ, ಉಣ್ಣೆಯಂಗಿ ತನ್ನಿರಿ. ಜೇನುತುಪ್ಪ ಮಾತ್ರ ತರಬೇಡಿರಿ.